ಲಡ್ಲೋ ಊರಿನಲ್ಲಿ ಒಂದು ಒಗ್ಗರಣೆ

2008ರ ಸೆಪ್ಟೆಂಬರಿನಲ್ಲಿ ನಮ್ಮ ಬಡಾವಣೆಯ ಸ್ಕೂಲ್ ಬಸ್ ಸ್ಟಾಪಿನಲ್ಲಿ ಹನ್ನೊಂದು ಮಕ್ಕಳು ನಿಲ್ಲುತ್ತಿದ್ದೆವು. ಮರುವರ್ಷದ ಮಾರ್ಚಿಗೆ ಆರೇ ಜನ ಉಳಿದಿದ್ದೆವು. ಕಾರು ಕಂಪನಿಗಳು ಮುಳುಗುತ್ತಿದ್ದ ಆ ಕಾಲದಲ್ಲಿ ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಬೆಳೆದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರದೋ ಅಪ್ಪ ಕೆಲಸ ಹೋಗಿ ಮಧ್ಯಾಹ್ನಕ್ಕೇ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬರುತ್ತಿದ್ದರು. ನಮ್ಮಂತೆ ವೀಸಾ ಮೇಲೆ ಇದ್ದವರಾದರೆ ಕೆಲಸದ ಜೊತೆ ದೇಶವನ್ನೂ ಬಿಡಬೇಕಿತ್ತು. ನನ್ನ ಗೆಳತಿ ಸ್ನೇಹಾ ಹಾಗೆ ಎರಡೇ ವಾರದಲ್ಲಿ ಬೆಂಗಳೂರಿಗೆ ಹೊರಟುಹೋದಳು. ಹೋಗುವ ದಿನ ಲೈಬ್ರರಿ ಪುಸ್ತಕವೊಂದನ್ನು ನನ್ನ ಕೈಗಿಟ್ಟು, “ರಿಟರ್ನ್ ಮಾಡ್ತೀಯಾ?” ಎಂದು ಕೇಳಿದಳು. ಅಷ್ಟೇ ನಮ್ಮ ವಿದಾಯ.

ನನಗೆ ಆಗ ಹತ್ತು ವರ್ಷ. ಎಲ್ಲವನ್ನೂ ಎಣಿಸಿ ಡೈರಿಯಲ್ಲಿ ಬರೆಯುವ ಚಾಳಿ ಹತ್ತಿತ್ತು. ನಮ್ಮ ಬೀದಿಯಲ್ಲಿ ಮಾರಾಟದ ಬೋರ್ಡುಗಳು: ಏಳು. ಈ ವಾರ ಅಪ್ಪ ಊಟ ಅರ್ಧಕ್ಕೆ ಬಿಟ್ಟಿದ್ದು: ನಾಲ್ಕು ಸಲ. ಎಣಿಸಿದರೆ ಭಯ ಸ್ವಲ್ಪ ಕಡಿಮೆಯಾಗುತ್ತಿತ್ತು.

ಆ ಮಾರ್ಚಿನ ಕೊನೆಯಲ್ಲಿ ಅಪ್ಪನನ್ನು ಕಂಪನಿಯವರು ಎರಡು ವಾರದ ಕೆಲಸಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಕಳಿಸಿದರು. ನನ್ನ ಸ್ಪ್ರಿಂಗ್ ಬ್ರೇಕ್ ಹೊಂದಿಕೊಂಡಿದ್ದರಿಂದ ಅಮ್ಮ ಮತ್ತು ನಾನೂ ಹೋದೆವು. ವಿಮಾನ ಹತ್ತುವ ಮುನ್ನ ಅಪ್ಪ ಮೂರು ಪಾಸ್‌ಪೋರ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಅವರಿಬ್ಬರದರ ಮೇಲೆ ಸಿಂಹಗಳು. ಮಿಶಿಗನ್ನಿನಲ್ಲಿ ಹುಟ್ಟಿದ ನನ್ನದರ ಮೇಲೆ ಹದ್ದು.

“ನೋಡು ಪುಟ್ಟಿ, ನಿನ್ನನ್ನ ಯಾರೂ ತಡೆಯಲ್ಲ. ನಮ್ಮ ವಿಷಯ ಹಾಗಲ್ಲ. ಅಲ್ಲಿ ಏನಾದ್ರೂ ತಪ್ಪು ಮಾಡಿ ಪೊಲೀಸ್ ಕಂಪ್ಲೇಂಟ್ ಅಂತ ಆದ್ರೆ ನಮ್ಮನ್ನ ವಾಪಸ್ ಒಳಗೆ ಬಿಡಲ್ಲ. ಎಲ್ರೂ ಹುಷಾರಾಗಿರ್ಬೇಕು.”

ಅಪ್ಪ ಅದನ್ನು ಎಚ್ಚರಿಕೆಗಾಗಿ ಹೇಳಿದರು. ನನಗೆ ಮಾತ್ರ ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ನಾನೊಬ್ಬಳೇ ಗಾಜಿನ ಈಚೆ, ಅವರಿಬ್ಬರೂ ಆಚೆ ನಿಂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಎರಡು ವಾರವೂ ಅದು ಬಿಟ್ಟುಹೋಗಲಿಲ್ಲ.

ಕೊನೆಯ ವಾರಾಂತ್ಯ, “ಎರಡು ದಿನ ಆರಾಮಾಗಿ ಇರೋಣ” ಎಂದು ಅಪ್ಪ ಲಡ್ಲೋ ಎಂಬ ಹಳೆಯ ಸಂತೆಯೂರಿಗೆ ಕರೆದೊಯ್ದರು. ಗುಡ್ಡದ ಮೇಲೆ ಕೋಟೆ, ಅದರ ಮುಂದೆಯೇ ಸಂತೆ. ಬಿಳಿ ಗೋಡೆಗಳ ಮೇಲೆ ಕಪ್ಪು ಮರದ ಪಟ್ಟಿಗಳಿದ್ದ ಮನೆಗಳು ಒಂದರ ಮೇಲೊಂದು ವಾಲಿಕೊಂಡಿದ್ದವು. ಸೊಟ್ಟ ಬಾಗಿಲುಗಳು ಹದಿನಾಲ್ಕು ಎಂದು ಡೈರಿಯಲ್ಲಿದೆ. ಗಾಳಿಯಲ್ಲಿ ಚೀಸಿನ ಹುಳಿ ವಾಸನೆ, ಒದ್ದೆ ಕಲ್ಲಿನ ವಾಸನೆ. ಅಪ್ಪ ಮಾತ್ರ ಪ್ರತಿ ಅಂಗಡಿಯ ಮುಂದೆಯೂ ಫೋನ್ ತೆಗೆದು ನೋಡುತ್ತಿದ್ದರು. ಸೋಮವಾರ ಡೆಟ್ರಾಯಿಟ್ಟಿನಲ್ಲಿ ಕೆಲಸದಿಂದ ತೆಗೆಯುವವರ ಇನ್ನೊಂದು ಪಟ್ಟಿ ಬರುವುದಿತ್ತು.

ನಾವು ಇಳಿದುಕೊಂಡದ್ದು ಮಿಸೆಸ್ ಹಾರ್ಟ್ಲಿ ಎಂಬ ವಯಸ್ಸಾದ ಹೆಂಗಸು ನಡೆಸುತ್ತಿದ್ದ ಅತಿಥಿಗೃಹದಲ್ಲಿ. ನಾನೂರು ವರ್ಷದ ಮರದ ಮನೆ. ಕೋಣೆಯ ಬಾಗಿಲ ಹಿಂದೆ ಐದು ನಿಯಮಗಳಿದ್ದವು, ಐದನ್ನೂ ಬರೆದುಕೊಂಡಿದ್ದೆ. ಮೂರನೆಯದು, ಕೋಣೆಯಲ್ಲಿ ಅಡುಗೆ ಮಾಡಬಾರದು.

ರಾಮನವಮಿ ಹಿಂದಿನ ದಿನವೇ ಆಗಿಹೋಗಿತ್ತು. ಆದರೆ ಅಮೆರಿಕದ ಕನ್ನಡದವರಿಗೆ ಹಬ್ಬಗಳೆಲ್ಲ ಶನಿವಾರವೇ ಬರುತ್ತವೆ. ಹುಬ್ಬಳ್ಳಿಯವಳಾದ ಅಮ್ಮ ರಾತ್ರಿಯೇ ಹೆಸರುಬೇಳೆ ನೆನೆಸಿಟ್ಟಿದ್ದಳು. ಬೆಳಿಗ್ಗೆ ಸಂತೆಯಲ್ಲಿ ಸೌತೆಕಾಯಿ ಕೊಂಡು ಬಂದು ಕೋಸಂಬರಿಗೆ ಹೆಚ್ಚತೊಡಗಿದಳು. ಆಮೇಲೆ ಸೂಟ್‌ಕೇಸಿನಿಂದ ನಮ್ಮ ಪುಟ್ಟ ರೈಸ್ ಕುಕ್ಕರ್ ಹೊರಬಂತು.

“ಅಮ್ಮಾ, ನೋ ಕುಕಿಂಗ್ ಅಂತ ಬರ್ದಿದೆ,” ಎಂದು ಡೈರಿ ತೋರಿಸಿದೆ.

“ಒಗ್ಗರಣಿಗೆ ಅಡಗಿ ಅಂತಾರೇನವ್ವಾ? ಎರಡು ನಿಮಿಷದ ಕೆಲಸ. ಭಾರೀ ಇನ್‌ಸ್ಪೆಕ್ಟರ್ ಬಂದ್ಲು ನೋಡ್ರಿ.”

ಅಪ್ಪ ಫೋನಿನಿಂದ ತಲೆ ಎತ್ತದೆಯೇ ನಕ್ಕರು. ಅಲ್ಲಿಯ ಗೋಡೆಗೆ ಹೊಂದುವ ಅಡಾಪ್ಟರ್ ತೆಗೆದು ಪ್ಲಗ್ ಕೂರಿಸಿ ಕೊಟ್ಟವರೂ ಅವರೇ. ಇಂಗ್ಲೆಂಡಿನ ಕರೆಂಟಿನ ವೋಲ್ಟೇಜು ನಮ್ಮದರ ಎರಡರಷ್ಟು; ಅಮೆರಿಕದ ಕುಕ್ಕರನ್ನು ಅದಕ್ಕೆ ಹಾಗೇ ಚುಚ್ಚಬಾರದು. ಇಪ್ಪತ್ತು ವರ್ಷ ಎಂಜಿನಿಯರಾಗಿದ್ದ ಅಪ್ಪನಿಗೆ ಅದು ಗೊತ್ತಿಲ್ಲದ್ದಲ್ಲ. ಆ ಹೊತ್ತಿಗೆ ಅವರ ತಲೆ ಸೋಮವಾರದಲ್ಲಿತ್ತು.

ಎಣ್ಣೆ ಕಾಯಲಿಲ್ಲ, ಒಮ್ಮೆಲೇ ಹೊಗೆಯಾಯಿತು. ಸಾಸಿವೆ ಗುಂಡಿನಂತೆ ಸಿಡಿಯಿತು, ಒಣಮೆಣಸಿನಕಾಯಿ ಕಪ್ಪಾಗಿ ಅದರ ಘಾಟು ಗಂಟಲಿಗೆ ಇಳಿಯಿತು. ಅಪ್ಪ ಜಿಗಿದು ಪ್ಲಗ್ ಕಿತ್ತರು. ಅಷ್ಟರಲ್ಲಿ ಮನೆಯ ಹೊಗೆ ಅಲಾರಂಗಳೆಲ್ಲ ಒಟ್ಟಿಗೆ ಕಿರುಚಿದವು.

ಅಲ್ಲಿ ಇಳಿದುಕೊಂಡಿದ್ದವರೆಲ್ಲ ಬೀದಿಗೆ ಬಂದು ನಿಂತೆವು. ಒಟ್ಟು ಒಂಬತ್ತು ಜನ. ಒಬ್ಬ ಅಜ್ಜನ ಅರ್ಧ ಮುಖಕ್ಕೆ ಶೇವಿಂಗ್ ನೊರೆ. ಎಲ್ಲರೂ ಕೆಮ್ಮುತ್ತಿದ್ದರು. ಸಂತೆಯವರು ವ್ಯಾಪಾರ ಬಿಟ್ಟು ನೋಡತೊಡಗಿದರು. ಕೆಂಪು ಫೈರ್ ಎಂಜಿನ್ ಆ ಇಕ್ಕಟ್ಟಾದ ಬೀದಿಗೆ ನುಗ್ಗಿದಾಗ ಅಪ್ಪನ ಮುಖ ನೋಡಿದೆ. ತುಟಿಗಳಲ್ಲಿ ಬಣ್ಣವೇ ಇರಲಿಲ್ಲ. ಅಪ್ಪನಿಗೂ ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

“ಪೊಲೀಸ್ರೂ ಬರ್ತಾರೇನ್ರಿ?” ಅಮ್ಮ ಪಿಸುಗುಟ್ಟಿದಳು.

“ಸುಮ್ನಿರು. ಯಾರೂ ಏನೂ ಮಾತಾಡ್ಬೇಡಿ.”

ಒಳಗೆ ಹೋಗಿದ್ದ ಅಗ್ನಿಶಾಮಕದವನು ಕರಕಲಾದ ನಮ್ಮ ಕುಕ್ಕರನ್ನು ಕೈಯಲ್ಲಿ ಹಿಡಿದು ಹೊರಗೆ ಬಂದ. “ಇದು ಯಾರದು?” ಎಂದು ಕೇಳಿದ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಮಿಸೆಸ್ ಹಾರ್ಟ್ಲಿ ಒಬ್ಬೊಬ್ಬರನ್ನೇ ನೋಡುತ್ತಾ ಬಂದರು.

ನನ್ನ ಕಣ್ಣ ಮುಂದೆ ವಿಮಾನ ನಿಲ್ದಾಣದ ಆ ಗಾಜು ಬಂತು. ನಾನು ಒಂದು ಹೆಜ್ಜೆ ಮುಂದೆ ಇಟ್ಟೆ.

“ಇಟ್ ವಾಸ್ ಮಿ. ನಾನೇ ಮಾಡಿದ್ದು. ನನ್ನ ಅಪ್ಪ ಅಮ್ಮನಿಗೆ ಗೊತ್ತಿರಲಿಲ್ಲ. ಐ ಆಮ್ ಅಮೆರಿಕನ್.”

ಶಾಲೆಯಲ್ಲಿ ಕಲಿತ ಹಾಗೆ ಪ್ರತಿ ಅಂಕಿಗೂ ಒಂದು ಮಿಸಿಸಿಪ್ಪಿ ಸೇರಿಸಿ ಸೆಕೆಂಡುಗಳನ್ನು ಎಣಿಸತೊಡಗಿದೆ. ಒನ್ ಮಿಸಿಸಿಪ್ಪಿ, ಟೂ ಮಿಸಿಸಿಪ್ಪಿ. ಅಪ್ಪ ನನ್ನ ಹಿಂದೆಯೇ ಇದ್ದರು. ಅವರ ಕೋಟು ನನ್ನ ಬೆನ್ನಿಗೆ ತಾಗುತ್ತಿತ್ತು. ಹತ್ತಾಯಿತು. ಹದಿನೈದಾಯಿತು. ಹದಿನೇಳಕ್ಕೆ ಅಪ್ಪನ ಕೈ ನನ್ನ ಹೆಗಲ ಮೇಲೆ ಬಿತ್ತು.

“ಇವಳಲ್ಲ. ಪ್ಲಗ್ ಹಾಕಿದ್ದು ನಾನು. ನನ್ನದೇ ತಪ್ಪು,” ಎಂದರು ಇಂಗ್ಲಿಷಿನಲ್ಲಿ.

ಆಮೇಲೆ ಏನೂ ಆಗಲಿಲ್ಲ. ಅಗ್ನಿಶಾಮಕದವನು ಕುಕ್ಕರನ್ನು ಮೂಸಿ ನೋಡಿ ಏನು ಸುಡುತ್ತಿದ್ದಿರಿ ಎಂದ; ಸಾಸಿವೆ ಎಂದು ಅಮ್ಮ ಹೇಳಿದಾಗ, ಇನ್ನು ಮೇಲೆ ಕಿಟಕಿ ತೆಗೆದಿಡಿ ಎಂದು ಹೊರಟ. ಪೊಲೀಸರು ಬರಲೇ ಇಲ್ಲ. ಮಿಸೆಸ್ ಹಾರ್ಟ್ಲಿ ಮಾತ್ರ ಅಪ್ಪನ ಬದಲು ನನ್ನನ್ನೇ ಬಹಳ ಹೊತ್ತು ನೋಡಿದರು. ಒಗ್ಗರಣೆಯಿಲ್ಲದ ಕೋಸಂಬರಿಯನ್ನು ನಾವು ಮೂವರೂ ಕೋಟೆಯ ಗೋಡೆಗೆ ಒರಗಿ ತಿಂದೆವು. ಸೌತೆಕಾಯಿ ಹಲ್ಲಿನಡಿ ಕರಕರ ಅನ್ನುತ್ತಿತ್ತು.

ಡೆಟ್ರಾಯಿಟ್ಟಿನಲ್ಲಿ ಅಧಿಕಾರಿ ಮೂರು ಪಾಸ್‌ಪೋರ್ಟುಗಳನ್ನೂ ನೋಡಿ ಒಳಗೆ ಬಿಟ್ಟ. ಸೋಮವಾರದ ಪಟ್ಟಿಯಲ್ಲಿ ಅಪ್ಪನ ಹೆಸರಿರಲಿಲ್ಲ. ಆ ವರ್ಷ ನಾವು ಹೆದರಿದ್ದರಲ್ಲಿ ಒಂದೂ ನಡೆಯಲಿಲ್ಲ. ಆ ದಿನದ ಪುಟದಲ್ಲಿ ಬಾಗಿಲುಗಳ ಲೆಕ್ಕವಿದೆ, ಬೀದಿಯಲ್ಲಿ ನಿಂತವರ ಲೆಕ್ಕವಿದೆ. ಹದಿನೇಳನ್ನು ಮಾತ್ರ ನಾನು ಬರೆಯಲಿಲ್ಲ.

ಕಳೆದ ವರ್ಷ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಡ್ರೈವ್ ಮಾಡಿಕೊಂಡು ಹೋಗುವಾಗ ಕೊನೆಗೂ ಕೇಳಿದೆ. “ಲಡ್ಲೋದಲ್ಲಿ ಅಷ್ಟು ಹೊತ್ತು ಯಾಕಪ್ಪಾ ಸುಮ್ನೆ ನಿಂತಿದ್ದೆ?”

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

“ನಿನ್ನ ಪ್ಲಾನು ವರ್ಕ್ ಆಗುತ್ತೆ ಅನ್ನಿಸ್ತು ಪುಟ್ಟಿ,” ಎಂದರು. “ಅಷ್ಟು ಹೊತ್ತೂ ಹಾಗೇ ಅನ್ನಿಸ್ತು. ನಿಮ್ಮಮ್ಮಂಗೆ ಹೇಳ್ಬೇಡ.”

ನಾನು ಅವರ ಮೇಲೆ ಸಿಟ್ಟಾಗಲಿಲ್ಲ. ಆಗುವ ಯೋಗ್ಯತೆಯೂ ಇರಲಿಲ್ಲ. ಅದಕ್ಕೂ ಒಂದು ತಿಂಗಳ ಮುಂಚೆಯಷ್ಟೇ ಆಫೀಸಿನ ಮೀಟಿಂಗಿನಲ್ಲಿ ಮೇಲಧಿಕಾರಿಗಳು ನನ್ನ ತಪ್ಪನ್ನು ಪಕ್ಕದ ಹುಡುಗಿಯ ತಲೆಗೆ ಕಟ್ಟುತ್ತಿದ್ದಾಗ ನಾನು ಗಡಿಯಾರ ನೋಡುತ್ತಾ ಕೂತಿದ್ದೆ. ಮೀಟಿಂಗ್ ಮುಗಿಯಿತು, ನಾನು ಬಾಯಿ ಬಿಟ್ಟಿರಲಿಲ್ಲ. ಹೋದವರ ಲೆಕ್ಕ, ಖಾಲಿಯಾದ ಮನೆಗಳ ಲೆಕ್ಕ ಎಲ್ಲ ನನ್ನ ಡೈರಿಗಳಲ್ಲಿ ಇದೆ. ಆ ಬೀದಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟ ಹುಡುಗಿ ನನ್ನನ್ನು ಬಿಟ್ಟು ಯಾವ ದಿನ ಹೋದಳು ಎಂಬುದು ಮಾತ್ರ ಯಾವ ಪುಟದಲ್ಲೂ ಇಲ್ಲ.