ಬೂಂದಿಯ ಗೆಲಾಕ್ಸಿಗಳು

ಮುರಳೀಕೃಷ್ಣ ನಾಲ್ಕು ವರ್ಷದಿಂದ ಜಾವಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಅತಿಥಿ ಶಿಕ್ಷಕ. ನಾಲ್ಕು ವರ್ಷ ಕೂತ ಅತಿಥಿಗೆ ಯಾರ ಮನೆಯಲ್ಲೂ ಕಾಫಿ ಕೊಡುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ದಿನಾ ಬೇಲೂರಿನಲ್ಲಿ ಬಸ್ಸು ಹತ್ತುತ್ತಿದ್ದ. ಈ ಸಲ ಹೆಡ್‌ಮಾಸ್ಟರ್ ಗಂಗಾಧರಪ್ಪ, "ಸೋಮವಾರ ನಿಮ್ ಪಾಠ ಕೇಳ್ತೀನಿ. ಮುಂದಿನ ವರ್ಷಕ್ಕೆ ನೀವು ಬೇಕೋ ಬ್ಯಾಡ್ವೋ ಆಮೇಲೆ ನೋಡಾನ" ಅಂದಿದ್ದರು.

ಸುಮ್ಮನೆ ಸನ್ನೆಕೋಲು ಹೇಳಿ ಮುಗಿಸಬಹುದಿತ್ತು. ಶೋಕಿ ಬಿಡಬೇಕಲ್ಲ! ದೂರದ ಗೆಲಾಕ್ಸಿಗಳು ಗುಂಪುಗೂಡುವ ಬಗೆಯನ್ನೇ ಆರಿಸಿಕೊಂಡ. ಭಾನುವಾರ ಚಪ್ಪಲಿ ಡಬ್ಬದೊಳಗೆ ತೆಂಗಿನ ನಾರಿನ ಎಳೆಗಳನ್ನು ಅಡ್ಡಾದಿಡ್ಡಿ ಬಿಗಿದ. ಎಳೆಯ ಮೇಲೆ ಅಲ್ಲೊಂದು ಇಲ್ಲೊಂದು ಬೂಂದಿ, ಎಳೆಗಳು ಕೂಡುವ ಗಂಟಿನಲ್ಲಿ ಬೂಂದಿಯ ರಾಶಿ. ಒಂದೊಂದು ಕಾಳೂ ಒಂದೊಂದು ಗೆಲಾಕ್ಸಿ.

"ಗೋಂದು ಯಾಕೋ ದಂಡ? ಪೊಂಗಲಿನ ಬೆಲ್ಲದ ಪಾಕ ಮಿಕ್ಕಿದೆ, ಬೂಂದಿಗೆ ಅದೇ ಸರಿ" ಎಂದರು ಅಮ್ಮ ಆಂಡಾಳ್. ಎಂಎಸ್ಸಿ ಓದಿದ ಮಗ ಹೌದಲ್ಲ ಎಂದುಕೊಂಡ.

ಬೆಳಿಗ್ಗೆ ಡಬ್ಬಕ್ಕೆ ಟವೆಲ್ ಮುಚ್ಚಿ ಬಸ್ಸು ಹತ್ತಿದ. ಹಳೇಬೀಡು ದಾಟುವಷ್ಟರಲ್ಲಿ ಪಕ್ಕದವರು ತೊಡೆ ಕೆರೆದುಕೊಳ್ಳತೊಡಗಿದರು. ಕ್ಲಾಸಿನಲ್ಲಿ ಟವೆಲ್ ತೆಗೆದಾಗ ಕಾರಣ ತಿಳಿಯಿತು. ವಿಶ್ವದ ತುಂಬ ಇರುವೆ!

"ಏನ್ರೀ ಮೇಷ್ಟ್ರೇ, ನಿಮ್ ಆಕಾಶದಾಗೆ ಜೀವ ಐತೆ!" ಎಂದರು ಗಂಗಾಧರಪ್ಪ. ಮಕ್ಕಳು ಬೆಂಚು ಬಡಿದು ನಕ್ಕರು. ಮುರಳಿ ಐದನೇ ವರ್ಷಕ್ಕೆ ಮನಸ್ಸಿನಲ್ಲೇ ಕೈಮುಗಿದ.

ಮುಂದಿನ ಬೆಂಚಿನ ಹಿತಾ ಬಗ್ಗಿ ನೋಡಿದಳು. "ಸಾರ್, ಖಾಲಿ ಜಾಗದಲ್ಲಿ ಒಂದೂ ಇಲ್ಲ. ಎಲ್ಲಾ ದಾರದ ಮೇಲೇ ಹೋಗಿ ಗಂಟಲ್ಲಿ ಸೇರ್ತಾವೆ."

ಮುರಳಿಗೆ ಜೀವ ಬಂತು. "ಅದೇ ಕಣಮ್ಮ ಪಾಠ! ಮೊದಲು ವಿಶ್ವದಲ್ಲಿ ದ್ರವ್ಯ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಥರ ಹರಡಿತ್ತು. ಎಲ್ಲಿ ಚೂರು ಜಾಸ್ತಿಯೋ ಅದರ ಗುರುತ್ವ ಅಕ್ಕಪಕ್ಕದ್ದನ್ನ ಎಳೀತು. ಎಳೆ ಆಯ್ತು. ಎಳೆ ಹಿಡಿದು ಹರಿದದ್ದೆಲ್ಲ ಗಂಟಲ್ಲಿ ಸೇರಿ ಸಾವಿರಾರು ಗೆಲಾಕ್ಸಿಯ ಗುಂಪಾಯ್ತು. ಕೋಟಿಗಟ್ಟಲೆ ವರ್ಷದ ಕೆಲಸ. ಇರುವೆಯನ್ನ ಎಳೆಯೋದು ಬೆಲ್ಲ, ಅಲ್ಲಿ ಗುರುತ್ವ."

"ಎಳಿಯಕ್ಕೆ ಗೆಲಾಕ್ಸಿ ಭಾರ ಒಂದೇ ಸಾಕೇನ್ರೀ?" ಗಂಗಾಧರಪ್ಪ ಬಿಡಲಿಲ್ಲ.

"ಸಾಲದು ಸಾರ್. ಹೆಚ್ಚಿನ ಭಾರ ಕಣ್ಣಿಗೆ ಕಾಣದ ದ್ರವ್ಯದ್ದು."

"ಅದೇನದು?"

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಮೂವತ್ತು ಮಕ್ಕಳು ನೋಡುತ್ತಿದ್ದರು.

"ಗೊತ್ತಿಲ್ಲ ಸಾರ್. ನನಗಷ್ಟೇ ಅಲ್ಲ, ಇನ್ನೂ ಯಾರಿಗೂ ಗೊತ್ತಿಲ್ಲ."

ಗಂಗಾಧರಪ್ಪ ಎದ್ದು, ಅಂಗಿತೋಳಿನ ಮೇಲೆ ಹತ್ತಿದ್ದ ಇರುವೆಯನ್ನು ಕೊಡವಿ ಬಾಗಿಲತ್ತ ನಡೆದರು. ಹೊಸಿಲಲ್ಲಿ ತಿರುಗಿದರು.

"ಮುಂದಿನ ವರ್ಷ ಈ ಪಾಠಕ್ಕೆ ಗೋಂದು ಹಾಕ್ರೀ."

ಗೋಂದಿನ ಮಾತು ಮುರಳಿಯ ಕಿವಿಗೆ ಬೀಳಲೇ ಇಲ್ಲ. ಮೊದಲ ಎರಡು ಪದ ಸಾಕಾಗಿತ್ತು.