ನೀಲವ್ವ ನೋಡಿದ ಹಕ್ಕಿ

ಇವತ್ತು ಬೆಳಿಗ್ಗೆ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯ ಮುಂದೆ ನಿಲ್ಲಿಸಿದ್ದ ಸ್ಕೂಟರಿನ ಕನ್ನಡಿಯನ್ನು ಹೆಬ್ಬೆರಳಿನಷ್ಟು ಪುಟ್ಟ ಕಪ್ಪು ಹಕ್ಕಿಯೊಂದು ಕುಟ್ಟುತ್ತಿತ್ತು. ತನ್ನ ಬಿಂಬವನ್ನೇ ಎದುರಾಳಿಯೆಂದು ತಿಳಿದು ಕಾದಾಡುವುದು ಅದರ ಸ್ವಭಾವ. "ತಾತಾ, ಹಮ್ಮಿಂಗ್‌ಬರ್ಡ್!" ಎಂದು ಮೊಮ್ಮಗಳು ಕೂಗಿದಳು. "ಅಲ್ಲವ್ವ, ಸೂರಕ್ಕಿ," ಎಂದೆ. ಅಷ್ಟು ಹೇಳುವುದರೊಳಗೆ ನನ್ನ ಮುಖ ಬಿಸಿಯಾಯಿತು. ಯಾಕೆಂದು ನಿಮಗೂ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಕುರುಗೋಡಿನಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಆಗಷ್ಟೇ ಬಿಎಸ್ಸಿ ಮುಗಿಸಿದ ಹುಮ್ಮಸ್ಸು. ನನಗೆ ತಿಳಿಯದ್ದು ಜಗತ್ತಿನಲ್ಲಿ ಹೆಚ್ಚೇನೂ ಉಳಿದಿಲ್ಲವೆಂಬ ನಂಬಿಕೆ. ಗಂಗವ್ವ ಎಂಬವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಪಡಸಾಲೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಕುಬಸ ಹೊಲಿಯುತ್ತಿದ್ದರು. ಎದುರಿಗೇ ದಾಳಿಂಬೆ ಗಿಡ. ಅದರ ಹೂವಿಗೆ ಬರುವ ಹಕ್ಕಿಗಳ ಮೇಲೆ ಅವರಿಗೆ ಸದಾ ಒಂದು ಕಣ್ಣು. ಒಂಬತ್ತನೇ ತರಗತಿಯಲ್ಲಿದ್ದ ಮಗಳು ನೀಲವ್ವನಿಗೂ ಅದೇ ಹುಚ್ಚು.

ನನ್ನ ಬಳಿ ಬಳ್ಳಾರಿಯ ರಸ್ತೆಬದಿಯಲ್ಲಿ ಕೊಂಡ ಪರದೇಶದ ಚಿತ್ರಪುಸ್ತಕವೊಂದಿತ್ತು. ಅದನ್ನು ನೋಡಿಕೊಂಡು, ಇದು ಹಮ್ಮಿಂಗ್‌ಬರ್ಡ್, ಮಳೆ ಮುಗಿಯುತ್ತಲೇ ಗಂಡುಗಳು ಸಮುದ್ರ ದಾಟಿ ವಲಸೆ ಹೋಗುತ್ತವೆ ಎಂದು ತೀರ್ಪು ಕೊಟ್ಟೆ. ನಿಜಕ್ಕೂ ಮಳೆಗಾಲದ ಕೊನೆಗೆ ಹೊಳೆಯುವ ಕಪ್ಪು ಹಕ್ಕಿಗಳು ಕಾಣಲಿಲ್ಲ. ಮಾಸಲು ಬಣ್ಣದವಷ್ಟೇ ಉಳಿದವು.

"ಎಲ್ಲೀ ಹೋಗಂಗಿಲ್ರಿ ಮಾಸ್ತರ," ಎಂದರು ಗಂಗವ್ವ. "ಅಂಗಿ ಬದಲಿ ಮಾಡತೈತಿ, ಅಷ್ಟ. ಈ ಮಾಸಲ ಹಕ್ಕಿ ನೋಡ್ರಿ, ಕೊಳ್ಳಾಗ ಕರೀ ಗೆರಿ ಐತಿ. ಬಲಗಾಲಿನ ಬೆರಳು ಸೊಟ್ಟ. ಬ್ಯಾಸಗ್ಯಾಗ ಬರ್ತಿದ್ದ ಕರೀ ಹಕ್ಕೀನ ಇದು."

"ಹಕ್ಕಿಗೂ ನೀವ ಅಂಗಿ ಹೊಲಿದು ಕೊಡ್ತೀರೇನ್ರಿ?" ಎಂದು ನಕ್ಕೆ. ಪಾಪ, ಅವರೂ ನಕ್ಕರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆ ಹಕ್ಕಿಯ ವಲಸೆಯ ಬಗ್ಗೆಯೇ ಪ್ರಶ್ನೆ ಕೇಳಿದೆ. ನಮ್ಮ ಗಿಡದ ಹಕ್ಕಿ ಎಲ್ಲಿಗೂ ಹೋಗುವುದಿಲ್ಲ, ಪುಕ್ಕ ಬದಲಿಸುತ್ತದೆ ಎಂದು ನೀಲವ್ವ ಬರೆದಿದ್ದಳು. ಸೊನ್ನೆ ಹಾಕಿದೆ. ಸಾಲದೆಂದು ಅವಳನ್ನು ನಿಲ್ಲಿಸಿ, ಆ ಉತ್ತರವನ್ನು ಇಡೀ ತರಗತಿಗೆ ಓದಿಸಿದೆ.

"ಪುಸ್ತಕ ಬರದವ್ರಿಗಿಂತ ನಿಮ್ಮವ್ವ ಶಾಣ್ಯಾಕೇನು?"

"ನಾ ನೋಡೀನ್ರಿ ಸರ. ದಿನಾ ನೋಡೀನ್ರಿ," ಎಂದಳು. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅವಳು ಅಳಲಿಲ್ಲ, ಹಾಳೆಯನ್ನು ಮಡಿಚಿ ಕೂತಳು. ಆ ವರ್ಷ ಮತ್ತೆ ಕೈ ಎತ್ತಲಿಲ್ಲ. ಮರುದಿನ ನೋಡಿದರೆ ಗಂಗವ್ವ ಮಿಷನ್ನನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತಿದ್ದರು. ಹಕ್ಕಿಯ ಮಾತು ಅಲ್ಲಿಗೆ ನಿಂತಿತು.

ನನಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಬಳ್ಳಾರಿಯ ಗ್ರಂಥಾಲಯದಲ್ಲಿ ನಮ್ಮ ದೇಶದ ಹಕ್ಕಿಗಳ ಪುಸ್ತಕವೊಂದು ಕೈಗೆ ಸಿಕ್ಕಿತು. ಮರಿ ಮಾಡುವ ಕಾಲ ಕಳೆದ ಮೇಲೆ ಗಂಡು ಸೂರಕ್ಕಿ ಕಪ್ಪು ಪುಕ್ಕ ಉದುರಿಸಿ ಹೆಣ್ಣಿನಂತಾಗುತ್ತದೆ, ಕೊರಳಿನಿಂದ ಹೊಟ್ಟೆಯವರೆಗೆ ಕಪ್ಪು ಗೆರೆಯೊಂದು ಮಾತ್ರ ಉಳಿಯುತ್ತದೆ ಎಂದಿತ್ತು. ಹಮ್ಮಿಂಗ್‌ಬರ್ಡ್ ಅಂತೂ ನಮ್ಮ ದೇಶದಲ್ಲೇ ಇಲ್ಲವಂತೆ. ನಿಂತಲ್ಲೇ ಎರಡು ಸಲ ಓದಿದೆ.

ಮುಂದಿನ ಭಾನುವಾರ ಕುರುಗೋಡಿಗೆ ಹೋದೆ. ಗಂಗವ್ವ ಚಹಾ ಕೊಟ್ಟರು. ತಡವರಿಸುತ್ತ ತಪ್ಪೊಪ್ಪಿಕೊಂಡೆ.

"ಅದು ನಮಗ ಗೊತ್ತಿತ್ತಲ್ರಿ," ಎಂದರು ಮೆಲ್ಲಗೆ. "ನನಗ್ಯಾಕ ಹೇಳ್ತೀರಿ? ನಾಕು ಮಂದಿ ಮುಂದ ನಿಂದ್ರಿಸಿದ್ದು ಆಕೀನ್ನ. ಆಕಿಗೆ ಹೇಳ್ರಿ. ಆದವಾನಿಗೆ ಕೊಟ್ಟೀವಿ."

ಆಂಧ್ರದ ಗಡಿಯಾಚೆಯ ಆದವಾನಿಗೆ ಹೋಗುವ ಬಸ್ಸು ಸಿರುಗುಪ್ಪದ ನಮ್ಮ ಸ್ಕೂಲಿನ ಮುಂದೆಯೇ ಹಾದುಹೋಗುತ್ತಿತ್ತು. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಆಮೇಲೆ ನನ್ನ ಮದುವೆ ಬಂತು. ಒಮ್ಮೆ ಹತ್ತಿ ಕೂತೆ. ಅವಳ ಗಂಡನ ಮನೆಯವರೆದುರು ಏನೆಂದು ಬಾಯಿ ತೆರೆಯಲಿ ಎಂದು ಯೋಚಿಸುತ್ತ, ಬಸ್ಸು ಹೊರಡುವ ಮೊದಲೇ ಇಳಿದುಬಿಟ್ಟೆ. ಈಗ ಗಂಗವ್ವ ಇಲ್ಲ. ನೀಲವ್ವ ಎಲ್ಲಿದ್ದಾಳೆಂದು ಹೇಳುವವರೂ ಇಲ್ಲ.

ಇಷ್ಟನ್ನೂ ಇವತ್ತು ಮೊಮ್ಮಗಳಿಗೆ ಹೇಳಿದೆ. ಈವರೆಗೆ ಯಾರಿಗೂ ಹೇಳಿರಲಿಲ್ಲ.

"ಮತ್ತ ಯಾಕ ಹೋಗ್ಲಿಲ್ಲ ತಾತಾ?"

"ಮಂಡಿನೋವು ನೋಡವ್ವ, ಬಸ್ಸು ಹತ್ತಾಕ ಆಗಂಗಿಲ್ಲ."

"ಆವಾಗೂ ನೋಯ್ತಿತ್ತಾ?"

"ಇಲ್ಲವ್ವ," ಎಂದೆ. "ಆವಾಗ ನಾಚಿಕಿ ಇತ್ತು."