ಗೋಡೆಯ ಮೇಲೆ ನಡುಗಿದ ಬೆಳಕು

ನಮ್ಮ ಯಜಮಾನರು ಮೂಡಿಗೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದರು. ಗೋಣಿಬೀಡಿನ ಹತ್ತಿರ ನಮ್ಮ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರ್ ಮನೆ ಖಾಲಿ ಬಿದ್ದಿತ್ತು. ಬೇರೆಯವರಾಗಿದ್ದರೆ ಅದರಲ್ಲಿ ಗೊಬ್ಬರ ತುಂಬುತ್ತಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ! ಇವರು ಅಲ್ಲಿ ಆಕಾಶದ ನಡುಕ ಹಿಡಿಯುವ ಯಂತ್ರದ ಮರಿಯೊಂದನ್ನು ಕಟ್ಟಲು ಕೂತರು.

"ಎಲ್ಲೋ ದೂರದಲ್ಲಿ ಎರಡು ಸತ್ತ ನಕ್ಷತ್ರ ಡಿಕ್ಕಿ ಹೊಡೆದ್ರೆ ಇಲ್ಲಿ ಜಾಗವೇ ಒಂಚೂರು ಹಿಗ್ಗಿ ಕುಗ್ಗತ್ತೆ ಮಾರಾಯ್ತಿ. ಅದನ್ನ ಹಿಡಿಯಕ್ಕೆ ಹೊರದೇಶದಲ್ಲಿ ಮೈಲಿಗಟ್ಟಲೆ ಉದ್ದದ ಯಂತ್ರ ಕಟ್ತಿದಾರೆ. ನಮ್ಮದು ಕಾಲೇಜಿನ ಹುಡುಗ್ರಿಗೆ ತೋರ್ಸಕ್ಕೆ ಅಷ್ಟೆ."

ಗಾಳಿ ತುಂಬಿದ ಲಾರಿ ಟ್ಯೂಬುಗಳ ಮೇಲೆ ಕಡಪ ಕಲ್ಲಿನ ಚಪ್ಪಡಿ. ಅದರ ಮೇಲೆ ಲೇಸರಿನ ಕೆಂಪು ಬೆಳಕು ಎರಡಾಗಿ ಒಡೆದು, ಎರಡು ಕನ್ನಡಿಗಳಿಗೆ ತಾಗಿ, ವಾಪಸು ಬಂದು ಕೂಡುತ್ತಿತ್ತು. ಕೂಡಿದಲ್ಲಿ ಗೋಡೆಯ ಮೇಲೆ ಬೆಳಕು ಕತ್ತಲೆಯ ಪಟ್ಟೆಗಳು ಮೂಡುತ್ತಿದ್ದವು. ಕನ್ನಡಿ ಕೂದಲೆಳೆಯಷ್ಟೂ ಅಲುಗಬೇಕಿಲ್ಲ, ಪಟ್ಟೆಗಳು ಓಡುತ್ತಿದ್ದವು. ನಾನು ರುಬ್ಬಿದರೆ ಓಡುತ್ತಿದ್ದವು, ತೋಟದ ಆಳುಗಳ ಮೇಸ್ತ್ರಿ ಅಂಗಳದಲ್ಲಿ ನಡೆದರೂ ಓಡುತ್ತಿದ್ದವು. ನನ್ನ ಮನೆಯಲ್ಲಿ ನಾನು ಮೆಣಸು ಕುಟ್ಟಲು ಇವರ ಅಪ್ಪಣೆ ಬೇಕಾಯಿತು.

ಕೊನೆಗೆ ಇವರು ಕೂಗನ್ನೂ ನಿಲ್ಲಿಸಿದರು. ನಮ್ಮ ಕಡೆ ಕತ್ತಲಾಗುವ ಹೊತ್ತಿಗೆ ತೋಟದ ದಾರಿಯಲ್ಲಿ ಬರುವವರು ತಿರುವಿನಲ್ಲಿ ನಿಂತು "ಕೂ" ಅನ್ನುತ್ತಾರೆ. ಮನೆಯವರೂ "ಕೂ" ಅನ್ನಬೇಕು. ಯಾರು ಎಲ್ಲಿದ್ದಾರೆಂದು ಗೊತ್ತಾಗಲಿ ಅಂತ. "ನೀನು ಕೂಗಿದ್ರೆ ಕನ್ನಡಿ ನಡುಗತ್ತೆ, ಬೇಡ" ಅಂದರು. ತಾವೂ ತಿರುವಿನಲ್ಲಿ ಕೂಗುವುದು ಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತ್ತು. ಆ ವರ್ಷವೇ ನಮ್ಮ ಕಡೆ ಒಂಟಿ ಸಲಗವೊಂದು ಓಡಾಡುತ್ತಿತ್ತು.

ಒಂದು ಸಂಜೆ ಇವರು ಹೊಸ ಕನ್ನಡಿಯ ಪಾರ್ಸೆಲ್ ತರಲು ಮೂಡಿಗೆರೆಗೆ ಹೋಗಿದ್ದರು. "ನಾ ಬರೋವರೆಗೂ ಪಟ್ಟೆ ನಿಂತಿರ್ತಾವಾ ನೋಡ್ತಿರು" ಎಂದು ನನ್ನನ್ನು ಪಲ್ಪರ್ ಮನೆಯಲ್ಲಿ ಕೂರಿಸಿದ್ದರು. ರಸ್ತೆಯಲ್ಲಿ ಬಸ್ಸು ನಿಂತು ಹೋದದ್ದು ಪಟ್ಟೆಯಲ್ಲೇ ತಿಳಿಯಿತು. ಇಳಿದಿರುತ್ತಾರೆ, ಇನ್ನೇನು ಬಂದರು ಅಂದುಕೊಂಡೆ.

ಆಮೇಲೆ ಬೇರೆ ನಡುಕ ಬಂತು. ನಿಧಾನ, ಭಾರ. ಒಮ್ಮೆ ಅಲುಗಿ ನಿಂತು, ಮತ್ತೆ ಅಲುಗಿತು. ಮೇಸ್ತ್ರಿ ಆಗಲೇ ಮನೆಗೆ ಹೋಗಿದ್ದ. ಇದು ಮನುಷ್ಯರ ಹೆಜ್ಜೆಯೂ ಆಗಿರಲಿಲ್ಲ. ಅಷ್ಟರಲ್ಲಿ ದಾರಿಯ ಕಡೆ, ಆನೆಗೆ ಪ್ರಿಯವಾದ ಬೈನೆ ಮರ ಲಟಲಟನೆ ಮುರಿಯಿತು. ಅಯ್ಯೋ ದೇವರೇ! ಸಲಗ ಮನೆಗೂ ದಾರಿಗೂ ನಡುವೆ ನಿಂತಿತ್ತು. ಇವರು ಅದೇ ದಾರಿಯಲ್ಲಿ, ಬಾಯಿ ಮುಚ್ಚಿಕೊಂಡು ಬರುತ್ತಿದ್ದರು.

ಸೀಮೆಎಣ್ಣೆ ಡಬ್ಬ ಹಿಡಿದು ಬಡಿದೆ. "ಕೂ... ಕೂ..." ಎಂದು ಗಂಟಲು ಹರಿಯುವಂತೆ ಕೂಗಿದೆ. ಗೋಡೆಯ ಮೇಲೆ ಪಟ್ಟೆಗಳೇ ಇಲ್ಲ, ಬರೀ ಕೆಂಪು ಮಸುಕು. ನಿಲ್ಲಿಸಿ ಕಿವಿಗೊಟ್ಟೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ಆಗಲೂ ಬರಲಿಲ್ಲ.

ಹೊರಗೆ ಹೋಗೋಣವೆಂದರೆ ಸಲಗ. ಬೇರೆ ದಾರಿ ಕಾಣದೆ ಆ ಹಾಳು ಗೋಡೆಯನ್ನೇ ನೋಡುತ್ತ ಕೂತೆ. ಭಾರದ ನಡುಕ ದೂರ ಸರಿದು ನಿಂತಿತು. ಪಟ್ಟೆಗಳು ಕದಲದೆ ನಿಂತವು. ಇವರು ತಿಂಗಳುಗಟ್ಟಲೆ ಬೇಡಿಕೊಂಡಿದ್ದ ನಿಶ್ಚಲತೆ ಅದೇ. ನಾನು ಮಾತ್ರ ಅಲುಗು, ಅಲುಗು ಎಂದು ಅಳುತ್ತಿದ್ದೆ.

ಎಷ್ಟೋ ಹೊತ್ತಿಗೆ ಒಂದು ಪಟ್ಟೆ ಕದಲಿತು. ಹಗುರವಾಗಿ ಮತ್ತೊಮ್ಮೆ. ಬಾಗಿಲಲ್ಲಿ ಇವರು ನಿಂತಿದ್ದರು. ಅಂಗಿ ಹರಿದಿತ್ತು, ಪಾರ್ಸೆಲ್ ಇರಲಿಲ್ಲ.

"ಕೂ ಅನ್ನಕ್ಕೆ ಏನಾಗಿತ್ರೀ ನಿಮ್ಗೆ!" ಎಂದು ಕಿರುಚಿದೆ.

"ಹಲಸಿನ ಮರದ ಹಿಂದೆ ನಿಂತಿದ್ದೆ. ಅದು ಅದರ ಪಾಡಿಗೆ ತಿಂತಿತ್ತು" ಅಂದರು. "ನೀನು ಡಬ್ಬ ಬಡಿದ್ಯಲ್ಲ, ಆಗ ಅದು ನನ್ನ ಕಡೆಗೇ ನುಗ್ಗಿದ್ದು ಕಣೇ."

ಡಬ್ಬವನ್ನು ಮೂಲೆಗೆ ತಳ್ಳಿದೆ. ಇವರು ಎಲ್ಲಿದ್ದಾರೆಂದು ತಿಳಿದಿದ್ದರೆ ನಾನು ಬಡಿಯುತ್ತಿರಲಿಲ್ಲ.

ಮರುದಿನ ಸಂಜೆ ತಿರುವಿನಿಂದ ಇವರ "ಕೂ" ಕೇಳಿತು. ಪಲ್ಪರ್ ಮನೆಯಲ್ಲಿ ಕಾಲೇಜಿನ ಹುಡುಗರು ಪಟ್ಟೆಗಳ ಮುಂದೆ ಕೂತಿದ್ದರು. ನಾನು ಅವರ ಪಕ್ಕದಲ್ಲೇ ನಿಂತು, ಗೋಡೆಯ ಬೆಳಕೆಲ್ಲ ಕಲಸಿಹೋಗುವಂತೆ, ಉತ್ತರ ಕೊಟ್ಟೆ.